ರಿವರ್ಸ್ ಗೇರಿನಲ್ಲಿ ಏಳು ಮೈಲಿ

ನಾನು ಹೆಡ್ ಮೇಡಂ ಆದದ್ದು ರಿವರ್ಸ್ ಗೇರಿನಲ್ಲಿ. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ, ನಗುವವರನ್ನು ನಾನು ಆ ಕಾಲದಲ್ಲೇ ಬೇಕಾದಷ್ಟು ನೋಡಿದ್ದೇನೆ. ಅರಕಲಗೂಡಿನ ನಮ್ಮ ಬೀದಿಗೆ ಬೀದಿಯೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ಐವತ್ತರ ದಶಕದ ಕೊನೆಯ ಮಾತು. ನಾನಾಗ ಅರಕಲಗೂಡಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಮ್ಮ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ನನ್ನ ಎಡಗಾಲನ್ನು ಸೊರಗಿಸಿ ಹೋಗಿತ್ತು. ಕುಂಟುತ್ತಲೇ ಓದಿದೆ, ಕುಂಟುತ್ತಲೇ ಪಾಸಾದೆ, ಕುಂಟುತ್ತಲೇ ಕೆಲಸಕ್ಕೆ ಸೇರಿದೆ. ಹೆಣ್ಣು ನೋಡಲು ಬಂದವರು ಮೊದಲು ನನ್ನ ಕಾಲು ನೋಡಿ ಮುಖ ಸಣ್ಣಗೆ ಮಾಡುತ್ತಿದ್ದರು, ಆಮೇಲೆ ನನ್ನ ಬಾಯಿ ಕೇಳಿ ಎದ್ದೇ ಹೋಗುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ. ಮನೆಯಲ್ಲಿ ನಾವು ಮೂವರು: ಕಣ್ಣು ಪೂರ್ತಿ ಮಂಜಾಗಿದ್ದ ಅವ್ವ, ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅಣ್ಣ, ನಾನು.

ಆ ವರ್ಷ ನನಗೆ ಬಡ್ತಿ ಬಂತು. ನಮ್ಮಲ್ಲಿಂದ ಏಳು ಮೈಲಿ ದೂರದ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಹೆಡ್ ಮೇಡಂ. ಖುಷಿಗೆ ಅವ್ವನ ಕೈ ಹಿಡಿದು ಕುಣಿದುಬಿಟ್ಟೆ. ಆಮೇಲೆ ನೆನಪಾಯಿತು, ಆ ಹಳ್ಳಿಗೆ ಬಸ್ಸಿಲ್ಲ. ರಸ್ತೆ ಅಂತಲೂ ಇಲ್ಲ, ಇರುವುದು ಎತ್ತಿನ ಗಾಡಿಯ ಜಾಡು. ಅಲ್ಲೇ ಮನೆ ಮಾಡೋಣವೆಂದರೆ ಅವ್ವನನ್ನು ನೋಡುವವರು ಯಾರು? ಅಲ್ಲದೆ ಒಂಟಿ ಹೆಂಗಸಿಗೆ ಮನೆ ಕೊಡುವುದಿಲ್ಲವೆಂದು ಆ ಊರಿನ ಹಿರಿಯರು ಮೊದಲೇ ಹೇಳಿ ಕಳಿಸಿದ್ದರು. ಗಾಡಿ ಕಟ್ಟಿಸಿಕೊಂಡು ದಿನಾ ಹೋಗಿಬರುವುದೆಂದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತಿತ್ತು.

ಇಲಾಖೆಯ ಸಾಹೇಬರು ಹಾಸನಕ್ಕೆ ಕರೆಸಿಕೊಂಡರು. ಹೋದೆ. ಅವರು ನನ್ನ ಮುಖ ನೋಡಲಿಲ್ಲ, ನಾನು ಬಾಗಿಲಿನಿಂದ ಮೇಜಿನವರೆಗೆ ನಡೆದು ಬರುವುದನ್ನೇ ನೋಡುತ್ತ ಕೂತಿದ್ದರು.

‘ನೋಡಿಯಮ್ಮ, ನಿಮಗೆ ಈ ಕಾಲಿನಲ್ಲಿ ಅಲ್ಲಿಗೆ ಹೋಗಿಬರೋಕಾಗೋದಿಲ್ಲ. ಬೇಡ ಅಂತ ನೀವೇ ಹೇಳಿಬಿಡಿ, ಮರ್ಯಾದೆಯಾಗಿರುತ್ತೆ’ ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ‘ಸಾರ್, ಪಾಠ ಮಾಡೋದು ಕಾಲಿನಿಂದಲೋ ಬಾಯಿಂದಲೋ?’ ಎಂದೆ.

ಪಕ್ಕದಲ್ಲಿ ನಿಂತಿದ್ದ ಗುಮಾಸ್ತ ಕೆಮ್ಮಿದ. ಸಾಹೇಬರು ಪೆನ್ನು ಕೆಳಗಿಟ್ಟರು. ‘ಸರಿ. ದಸರಾ ರಜಾ ಮುಗಿದು ಶಾಲೆ ತೆರೆಯುತ್ತಲ್ಲ, ಆವತ್ತು ಬೆಳಗಿನ ಗಂಟೆ ಹೊಡೆಯುವಾಗ ನೀವು ಅಲ್ಲಿರಬೇಕು. ನಾನೇ ಬಂದು ನೋಡುತ್ತೇನೆ. ಒಂದು ದಿನ ಗಾಡಿ ಕಟ್ಟಿಸಿಕೊಂಡು ಬಂದು ಮುಖ ತೋರಿಸೋದಲ್ಲ. ದಿನಾ ಹೇಗೆ ಬರುತ್ತೀರಿ ಅನ್ನೋದನ್ನ ತೋರಿಸಬೇಕು. ಆಗದಿದ್ದರೆ ಆ ಜಾಗಕ್ಕೆ ಬೇರೆಯವರು ಕಾದಿದ್ದಾರೆ.’

‘ತೋರಿಸ್ತೀನಿ ಸಾರ್’ ಎಂದು ಬಂದುಬಿಟ್ಟೆ. ಏನನ್ನು ತೋರಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟುಕೊಂಡು ಊರು ಬರುವ ತನಕ ಅತ್ತೆ.

ಅಣ್ಣ ಎಲ್ಲವನ್ನೂ ಕೇಳಿದ. ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು, ‘ಕಾರು ಮಾಡಾನ ಬುಡು’ ಎಂದ. ಚಟ್ನಿ ಅರೆಯೋಣ ಬಿಡು ಎಂದಷ್ಟು ಸಲೀಸಾಗಿ!

‘ಕಾರು ಕೊಂಡ್ಕಳಾಕೆ ನಮ್ಮ ಕೈಲಾಯ್ತದಾ?’

‘ಕೊಂಡ್ಕಳಾದಲ್ಲ ಕಣಮ್ಮಿ, ಮಾಡಾದು.’

ಅಣ್ಣ ಗಿರಣಿ ಹಾಕುವ ಮೊದಲು ಲಾರಿ ಓಡಿಸಿದವನು. ಹಾಸನದ ಒಂದು ಗ್ಯಾರೇಜಿನಲ್ಲಿ ಎಣ್ಣೆ ಒರೆಸುವುದರಿಂದ ಎಂಜಿನ್ ಬಿಚ್ಚುವ ತನಕ ಕಲಿತವನು. ಗಿರಣಿಯ ಪಕ್ಕದಲ್ಲಿ ಹುಲ್ಲು, ಸೌದೆ ತುಂಬುವ ಒಂದು ಕೊಟ್ಟಿಗೆ ಇತ್ತು. ಮಾರನೆಯ ದಿನವೇ ಹುಲ್ಲೆಲ್ಲ ಹಿತ್ತಲಿಗೆ ಹೋಯಿತು, ಸೌದೆ ಒಂದು ಮೂಲೆ ಸೇರಿತು, ಕೊಟ್ಟಿಗೆ ನಮ್ಮ ಕಾರ್ಖಾನೆಯಾಯಿತು.

ಹಾಸನದ ಗುಜರಿಯಲ್ಲಿ ಒಂದು ಹಳೇ ಕಾರಿನ ಚಾಸಿಸ್ ಸಿಕ್ಕಿತು. ಅದರ ನಂಬರು ಇನ್ನೂ ಊರ್ಜಿತವಾಗಿತ್ತು, ಅದೇ ನಮ್ಮ ಪುಣ್ಯ. ಎಂಜಿನ್ನೂ ಗೇರ್ ಬಾಕ್ಸೂ ಹೊಳೆನರಸೀಪುರದ ಒಂದು ಅಕ್ಕಿ ಗಿರಣಿಯ ಹಿಂದೆ ಕೋಳಿಗಳಿಗೆ ಮನೆಯಾಗಿ ಬಿದ್ದಿದ್ದವು. ಹಿರೀಸಾವೆಯ ಹತ್ತಿರ ಬೆಂಗಳೂರು ರಸ್ತೆಯ ಬದಿಯ ಒಂದು ಹೋಟೆಲಿನ ಮುಂದೆ ಮರಕ್ಕೆ ಗುದ್ದಿದ ಕಾರೊಂದು ವರ್ಷಗಟ್ಟಲೆಯಿಂದ ನಿಂತಿತ್ತು. ಅದರ ಹಿಂದಿನ ಗಾಲಿಗಳ ಅಚ್ಚನ್ನು, ಆಕ್ಸಲ್ಲನ್ನು, ಅಣ್ಣ ಬಿಚ್ಚಿ ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಅದು ತರಕಾರಿ ಮೂಟೆಗಳ ನಡುವೆ ಕೂತು ಚನ್ನರಾಯಪಟ್ಟಣ ದಾಟಿ ಬಂತು. ಆ ಪಟ್ಟಣದಲ್ಲೇ ಸೀಟಿಗೆಂದು ಒಂದು ಮೂಟೆ ತೆಂಗಿನ ನಾರನ್ನೂ ಕೊಂಡು ತಂದಿದ್ದ. ಮೈಯ ತಗಡು ಬಡಿದು ಕೊಟ್ಟವನು ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸುವ ಮನೆಗಳಿಗೆ ಬಿಸಿಗಾಳಿಯ ಕೊಳವೆ ಮಾಡುವವನು. ಹಾಗಾಗಿ ನಮ್ಮ ಕಾರಿನ ಮೂತಿ ದೊಡ್ಡ ಕೊಳವೆಯ ಹಾಗೇ ಇತ್ತು. ಬಾಗಿಲು ಇರಲಿಲ್ಲ, ಚಾವಣಿ ಇರಲಿಲ್ಲ. ಸೀಟು ಇಬ್ಬರಿಗೆ ಮಾತ್ರ.

ಅವ್ವ ದಿನಾ ಸಂಜೆ ಬಂದು ಕೈಯಾಡಿಸಿ ನೋಡುತ್ತಿದ್ದಳು. ‘ಇದ್ಕೆ ಬಾಗ್ಲೇ ಇಲ್ವಲ್ಲೋ ಮಗ, ನಾಯಿ ನುಗ್ಗಾಕಿಲ್ವಾ?’ ಎಂದು ಕೇಳಿದ್ದಳು.

ಮರದ ಕೆಲಸಕ್ಕೆ ನಮ್ಮ ಬೀದಿಯ ಆಚಾರಿ ಬಂದ. ಎತ್ತಿನ ಗಾಡಿ ಮಾಡುವುದರಲ್ಲಿ ಅವನು ಎತ್ತಿದ ಕೈ. ತನ್ನನ್ನು ಬಿಟ್ಟರೆ ಇಲ್ಲ ಎಂಬ ಜಂಬವೂ ಅಷ್ಟೇ ಇತ್ತು. ಕಾರು ಎಂಬ ಮಾತನ್ನು ಅವನು ಒಂದು ದಿನವೂ ಆಡಲಿಲ್ಲ, ಎತ್ತಿಲ್ಲದ ಗಾಡಿ ಎಂದೇ ಕರೆಯುತ್ತಿದ್ದ.

ಆಕ್ಸಲ್ಲನ್ನು ಚಾಸಿಸ್ಸಿಗೆ ಕೂರಿಸುವ ದಿನ ಅಣ್ಣ, ಆಚಾರಿ, ನಾನು ಮೂವರೂ ಕೊಟ್ಟಿಗೆಯಲ್ಲಿದ್ದೆವು. ಎಂಜಿನ್ನಿನಿಂದ ಹಿಂದಿನ ಗಾಲಿಗಳಿಗೆ ಹೋಗುವ ಉದ್ದನೆಯ ಶಾಫ್ಟು ಕಾರಿನ ಹೊಟ್ಟೆಯ ಕೆಳಗೆ ತೀರಾ ತಗ್ಗಿನಲ್ಲಿ ಬರುತ್ತಿತ್ತು. ಆಚಾರಿ ಬಗ್ಗಿ ನೋಡಿ ತಲೆ ಕೊಡವಿದ.

‘ಅಮ್ಮಯ್ಯ, ನೀವು ಓಗೋ ಜಾಡು ನಾನು ಕಂಡಿಲ್ವಾ? ಗಾಲಿ ಓಡೋ ಕಡೆ ಗೇಣುದ್ದ ಕೊರಕಲು, ನಡುವೆ ದಿಬ್ಬ. ಈ ಕಂಬಿ ಆ ದಿಬ್ಬಕ್ಕೆ ತಗಲ್ದೆ ಬುಡಾಕಿಲ್ಲ. ಮುರ್ದೋಯ್ತದೆ.’

ಮಾತು ನಿಜವೇ. ಆ ಜಾಡಿನಲ್ಲಿ ದಿಬ್ಬದ ಮೇಲಿನ ಹುಲ್ಲು ಗಾಡಿಯ ಅಚ್ಚನ್ನೇ ಸವರುತ್ತಿತ್ತು.

‘ಮತ್ತೆ ಏನ್ಮಾಡಾದು?’ ಎಂದ ಅಣ್ಣ.

‘ಅಚ್ಚನ್ನ ಮಗುಚಾಕಿ. ಕೆಳಗಿರೋ ಕಂಬಿ ಬಾಯಿ ಮೇಲಕ್ಕೆ ಬತ್ತದೆ. ಕಂಬಿನೂ ಎದ್ದೇಳ್ತದೆ.’

ಮಗುಚಿ ನೋಡಿದೆವು. ಆಹಾ, ಶಾಫ್ಟು ಒಂದು ಗೇಣು ಮೇಲೆ ಬಂತು! ಇಷ್ಟು ಸುಲಭದ್ದನ್ನು ಕಾರು ಮಾಡುವ ಕಂಪನಿಯವರು ಯಾಕೆ ಮಾಡುವುದಿಲ್ಲವೋ ಎಂದು ನಾನೇ ಹೇಳಿದೆ. ಮೂವರೂ ನಮ್ಮ ಜಾಣತನಕ್ಕೆ ಮೆಚ್ಚಿ ಬೆಲ್ಲ ಹಾಕಿದ ಕಾಫಿ ಕುಡಿದೆವು. ಗಾಡಿ ನೋಡಿಕೊಂಡು ಬೆಳೆದ ಮಂದಿ ನಾವು. ಗಾಡಿಯ ಅಚ್ಚಿಗೆ ಮೇಲು ಕೆಳಗು ಎಂಬುದಿಲ್ಲ, ಹೇಗೆ ಕೂರಿಸಿದರೂ ಎತ್ತು ಎಳೆದ ಕಡೆಗೆ ಗಾಲಿ ತಿರುಗುತ್ತದೆ. ನಮ್ಮ ಕಾರಿಗೆ ಎತ್ತಿಲ್ಲ ಎಂಬುದು ಆ ಹೊತ್ತಿನಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ.

ಇನ್ನು ಕ್ಲಚ್ಚು. ಅದನ್ನು ಒತ್ತುವುದು ಎಡಗಾಲಿನಲ್ಲಿ. ನನ್ನ ಎಡಗಾಲು ಒಂದು ನೊಣವನ್ನೂ ಒತ್ತಲಾರದು. ಅಣ್ಣ ಕ್ಲಚ್ಚಿನ ಪೆಡಲ್ಲಿಗೆ ಒಂದು ಸರಪಳಿ ಕಟ್ಟಿ, ಸೀಟಿನ ಬಲಕ್ಕೆ ಒಂದು ಮರದ ಹಿಡಿ ಇಟ್ಟು ಎರಡನ್ನೂ ಸೇರಿಸಿದ. ಬಲಗೈಯಲ್ಲಿ ಹಿಡಿ ಎಳೆದರೆ ಕ್ಲಚ್ಚು ಒತ್ತಿದ ಹಾಗೆ. ಎಡಗೈಯಲ್ಲಿ ಗೇರು ಬದಲಿಸಬೇಕು.

‘ಎರಡೂ ಕೈ ಅಲ್ಲಿದ್ರೆ ಸ್ಟೀರಿಂಗ್ ಯಾರು ಇಡ್ಕತಾರೆ?’ ಎಂದೆ.

‘ದ್ಯಾವ್ರು’ ಎಂದ ಅಣ್ಣ. ಅವನಿಗೆ ತಮಾಷೆ. ನಾನು ದಿನಾ ಶಾಲೆ ಬಿಟ್ಟು ಬಂದು ನಿಂತ ಕಾರಿನಲ್ಲೇ ಕೂತು ಹಿಡಿ ಎಳೆ, ಗೇರು ಹಾಕು, ಹಿಡಿ ಬಿಡು ಎಂದು ಅಭ್ಯಾಸ ಮಾಡಿದೆ. ಕಲಿಯುವವರಿಗೆ ಕೊಡುವ ಲೈಸೆನ್ಸನ್ನೂ ಮಾಡಿಸಿಕೊಂಡೆ. ಪಕ್ಕದಲ್ಲಿ ಅಣ್ಣ ಕೂತರೆ ಸಾಕಿತ್ತು.

ಕಾರು ತಯಾರಾಗುವ ಹೊತ್ತಿಗೆ ದಸರಾ ಬಂತು. ವಿಜಯದಶಮಿಯ ಪೂಜೆಯಾಗುವ ತನಕ ಗಾಲಿ ನೆಲ ಮುಟ್ಟಕೂಡದೆಂದು ಅವ್ವ ಕಟ್ಟುನಿಟ್ಟು ಮಾಡಿದಳು. ಹೊಸ ಕೆಲಸ ಶುರುಮಾಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ, ಅದರ ಮಾರನೆಯ ದಿನವೇ ನನ್ನ ಶಾಲೆ ತೆರೆಯುವುದು. ಹಾಗಾಗಿ ಕಾರನ್ನು ಸೈಜುಗಲ್ಲುಗಳ ಮೇಲೆ ನಿಲ್ಲಿಸಿಯೇ ಎಂಜಿನ್ ಚಾಲೂ ಮಾಡಿ ಗೇರು ಹಾಕಿದೆವು. ಹಿಂದಿನ ಗಾಲಿಗಳು ಗರಗರ ತಿರುಗಿದವು. ಅಣ್ಣ ಆಚಾರಿಯನ್ನು ತಬ್ಬಿಕೊಂಡ. ನಾನು ಚಪ್ಪಾಳೆ ತಟ್ಟಿದೆ. ಗಾಲಿ ತಿರುಗಿತೆಂದು ಕುಣಿದೆವೇ ಹೊರತು ಯಾವ ಕಡೆಗೆ ತಿರುಗಿತೆಂದು ಯಾರೂ ನೋಡಲಿಲ್ಲ.

ವಿಜಯದಶಮಿಯ ಸಂಜೆ ಕಾರನ್ನು ಕಲ್ಲಿನಿಂದಿಳಿಸಿ ಕೊಟ್ಟಿಗೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಚೆಂಡುಹೂವಿನ ಹಾರ, ಕುಂಬಳಕಾಯಿ, ಮುಂದಿನ ಎರಡು ಗಾಲಿಗಳ ಮುಂದೆ ಎರಡು ನಿಂಬೆಹಣ್ಣು. ಬೀದಿಯ ತುಂಬ ಜನ. ನಾನು ಹೊಸ ಸೀರೆಯುಟ್ಟು ಮಹಾರಾಣಿಯ ಗತ್ತಿನಲ್ಲಿ ಕೂತೆ. ಅಣ್ಣ ಹ್ಯಾಂಡಲ್ ಹೊಡೆದ, ಎಂಜಿನ್ ಎದ್ದಿತು. ಮಂಗಳಾರತಿಯಾಯಿತು. ಹಿಡಿ ಎಳೆದು ಫಸ್ಟ್ ಗೇರ್ ಹಾಕಿ ನಿಧಾನವಾಗಿ ಬಿಟ್ಟೆ.

ಕಾರು ಹಿಂದಕ್ಕೆ ಹೋಯಿತು. ಬ್ರೇಕು ಎಲ್ಲಿದೆಯೆಂದು ನೆನಪಾಗುವಷ್ಟರಲ್ಲಿ ಕೊಟ್ಟಿಗೆಯ ಒಳಗೆ ಹೊಕ್ಕು ಸೌದೆಯ ಒಟ್ಟಿಗೆ ಗುದ್ದಿ ನಿಂತಿತು. ನಿಂಬೆಹಣ್ಣುಗಳು ಬೀದಿಯಲ್ಲಿ ಇಟ್ಟ ಹಾಗೇ ಇದ್ದವು.

‘ಒಂಟೋಯ್ತಾ ಕಾರು?’ ಎಂದು ಅವ್ವ ಆಸೆಯಿಂದ ಕೇಳಿದಳು.

‘ಓಯ್ತು ಕಣವ್ವ, ಇಂದಕ್ಕೆ’ ಎಂದು ಯಾರೋ ಕೂಗಿದರು.

ಆಗ ಎದ್ದ ನಗು! ಮತ್ತೆ ತಳ್ಳಿ ಬಾಗಿಲಿಗೆ ತಂದು ಸೆಕೆಂಡ್ ಹಾಕಿದೆ, ಹಿಂದಕ್ಕೆ. ಥರ್ಡ್ ಹಾಕಿದೆ, ಇನ್ನೂ ಜೋರಾಗಿ ಹಿಂದಕ್ಕೆ. ‘ಮೇಷ್ಟ್ರಮ್ಮ, ಸ್ಕೂಲಿಗೆ ಬೆನ್ನು ತೋರುಸ್ಕಂಡು ಓಯ್ತೀರಾ?’ ಎಂದು ಒಬ್ಬ ಕೇಳಿದ. ‘ನಿನ್ ಮೂತಿ ನೋಡಾದ್ಕಿಂತ ಅದೇ ವಾಸಿ’ ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

ಜನ ಚದುರಿದರು. ಅಣ್ಣನಿಗೆ ಆಗಲೇ ಹೊಳೆದಿತ್ತು. ಆಕ್ಸಲ್ ಮಗುಚಿದಾಗ ಒಳಗಿನ ಹಲ್ಲುಚಕ್ರವೂ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಬಂದಿತ್ತು, ಹಾಗಾಗಿ ಗಾಲಿಗಳು ತಿರುಗಾಮುರುಗಾ. ಬಿಚ್ಚಿ ಸರಿಮಾಡಲು ಎರಡು ಮೂರು ದಿನವಾದರೂ ಬೇಕು. ಆಚಾರಿ ಮೂಲೆ ಸೇರಿ ನಿಂತಿದ್ದ. ಅಣ್ಣ ಹೊಸಲಿನ ಮೇಲೆ ತಲೆ ಹಿಡಿದು ಕೂತ.

‘ನಿನ್ ಕೆಲ್ಸ ನಾನೇ ಕಳ್ದೆ ಕಣಮ್ಮಿ’ ಎಂದ.

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಡೆದು ಬರುವ ನನ್ನನ್ನೇ ನೋಡುತ್ತ ಕೂತಿದ್ದ ಆ ಸಾಹೇಬರ ಕಣ್ಣುಗಳ ಮೇಲೆ ಸಿಟ್ಟು ಬಂತು. ನಾಳೆ ಅವರು ಬಂದು, ಗಡಿಯಾರ ನೋಡಿ, ನಾನು ಹೇಳಿರಲಿಲ್ಲವೇ ಎನ್ನುತ್ತಾರೆ. ಅದನ್ನು ನೆನೆದೇ ತಲೆ ಚುರುಕಾಯಿತೋ ಏನೋ.

‘ಅಣ್ಣ, ಮುಂದ್ಕೆ ಓಗೋ ಗೇರೆಲ್ಲ ಇಂದಕ್ಕೆ ಓಯ್ತವೆ, ಸರಿ. ಇಂದಕ್ಕೆ ಓಗೋ ಗೇರು ಎತ್ಲಾಗೆ ಓಯ್ತದೆ?’

ಅವನು ತಲೆಯೆತ್ತಿದ. ಆಚಾರಿ ಮೂಲೆಯಿಂದ ಬಂದ. ನಾನು ಹತ್ತಿ ಕೂತು ರಿವರ್ಸ್ ಹಾಕಿ ಹಿಡಿ ಬಿಟ್ಟೆ. ಕಾರು ಗೊರ್ರೆಂದು ಅರಚುತ್ತ, ತೆವಳುತ್ತ, ಮುಂದಕ್ಕೆ ಹೋಯಿತು! ನಿಂಬೆಹಣ್ಣುಗಳು ಪಚಪಚನೆ ಅಪ್ಪಚ್ಚಿಯಾದವು. ಅವ್ವ ಆ ಸದ್ದು ಕೇಳಿಯೇ ಕೈಮುಗಿದಳು.

ಮಾರನೆಯ ಬೆಳಿಗ್ಗೆ ಇನ್ನೂ ಮಬ್ಬುಗತ್ತಲಿರುವಾಗಲೇ ಹೊರಟೆವು. ರಿವರ್ಸ್ ಗೇರು ಇರುವುದು ನಾಲ್ಕು ಹೆಜ್ಜೆ ಹಿಂದೆ ಸರಿಯಲಿಕ್ಕೆ, ಏಳು ಮೈಲಿ ಓಡಲಿಕ್ಕಲ್ಲ. ಎಂಜಿನ್ನು ಪ್ರಾಣ ಹೋಗುವ ಹಾಗೆ ಅರಚುತ್ತಿತ್ತು, ಕಾರು ಮಾತ್ರ ಬಿರುಸಾಗಿ ನಡೆಯುವ ಎತ್ತಿಗಿಂತ ಒಂದಿಷ್ಟು ಮುಂದೆ, ಅಷ್ಟೇ. ಅಣ್ಣ ಪಕ್ಕದಲ್ಲಿ ನೀರಿನ ಟಿನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ರೇಡಿಯೇಟರ್ ಕುದಿದಾಗಲೆಲ್ಲ ಇಳಿದು ನೀರು ಹೊಯ್ದು, ದಾರಿಯ ಹಳ್ಳದಲ್ಲಿ ಟಿನ್ನು ತುಂಬಿಕೊಂಡು ಬರುತ್ತಿದ್ದ. ಒಂದು ಅನುಕೂಲವೂ ಇತ್ತು. ಇರುವುದು ಒಂದೇ ಗೇರು, ಬದಲಿಸುವ ಗೋಜೇ ಇಲ್ಲ. ಹಾಗಾಗಿ ಸ್ಟೀರಿಂಗನ್ನು ದೇವರಿಗೆ ಒಪ್ಪಿಸುವ ಪ್ರಸಂಗ ಬರಲಿಲ್ಲ. ಹೊಲದಲ್ಲಿದ್ದವರು ಕೆಲಸ ಬಿಟ್ಟು ಬದುವಿಗೆ ಬಂದು ನಿಂತು ನೋಡಿದರು. ಒಬ್ಬಳು ಅಜ್ಜಿ, ‘ಯಾಕವ್ವಾ ಅದು ಅಂಗೆ ಅಳ್ತದೆ?’ ಎಂದು ಕೇಳಿದಳು. ನನಗೋ ನಗು ತಡೆಯಲಾಗಲಿಲ್ಲ. ಅಷ್ಟು ಹಗುರಾಗಿ ನಾನು ಯಾವತ್ತೂ ನಕ್ಕಿರಲಿಲ್ಲ.

ಶಾಲೆಗೆ ಒಂದು ಮೈಲಿಯಿದ್ದ ಕಡೆ ಜಾಡು ತೀರಾ ಕೆಟ್ಟಿತ್ತು. ಹಿಂದಿನ ವಾರದ ಮಳೆಗೆ ಕೊರಕಲು ಇನ್ನಷ್ಟು ಇಳಿದಿತ್ತು. ಅಲ್ಲಿ ಒಂದು ಕಪ್ಪು ಕಾರು ನಡುದಾರಿಯಲ್ಲಿ ನಿಂತಿತ್ತು. ಹತ್ತಿರ ಹೋದರೆ ಸರ್ಕಾರಿ ಕಾರು! ನಾಲ್ಕು ಗಾಲಿಗಳೂ ಕೊರಕಲಿನಲ್ಲಿ, ಹೊಟ್ಟೆ ದಿಬ್ಬದ ಮೇಲೆ. ಅಡಿಯ ಎಣ್ಣೆ ತೊಟ್ಟಿ ಕಲ್ಲಿಗೆ ಬಡಿದು ಒಡೆದು ಕಪ್ಪು ಎಣ್ಣೆ ಹರಿಯುತ್ತಿತ್ತು. ಡ್ರೈವರ್ ಮಣ್ಣಿನಲ್ಲಿ ಮಲಗಿ ಕೆಳಗೆ ಇಣುಕುತ್ತಿದ್ದ. ಸಾಹೇಬರು ಬೂಟಿನ ತುಂಬ ಕೆಸರು ಮಾಡಿಕೊಂಡು ಬದುವಿನ ಮೇಲೆ ನಿಂತಿದ್ದರು.

ನಾನು ಪಕ್ಕದ ಹುಲ್ಲಿನ ಮೇಲೆ ಹಾಯಿಸಿ, ಅವರ ಕಾರನ್ನು ದಾಟಿ, ಮತ್ತೆ ಅದೇ ಜಾಡಿಗಿಳಿಸಿದೆ. ದಿಬ್ಬ ನಮ್ಮ ಕಾರಿನ ಹೊಟ್ಟೆಯಡಿ ಏನನ್ನೂ ಮುಟ್ಟದೆ ಸರಾಗವಾಗಿ ಹೋಯಿತು. ನಿಲ್ಲಿಸಿ ತಿರುಗಿ ನೋಡಿದೆ.

‘ನಮಸ್ಕಾರ ಸಾರ್. ಹತ್ತಿ, ಗಂಟೆ ಹೊಡೆಯೋ ಹೊತ್ತಾಯಿತು.’

ಸಾಹೇಬರು ಕಾರಿನ ಮೂತಿ ನೋಡಿದರು, ನನ್ನ ಕೈಲಿದ್ದ ಮರದ ಹಿಡಿ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಹಾಸನದಲ್ಲಿ ನೋಡದೆ ಬಿಟ್ಟಿದ್ದ ಮುಖ.

‘ಇದನ್ನ ಎಲ್ಲಿ ತಂದಿರಿ?’

‘ತಂದದ್ದಲ್ಲ ಸಾರ್, ಮನೇಲಿ ಮಾಡಿದ್ದು.’

ಸೀಟು ಎರಡೇ ಇದ್ದುದರಿಂದ ಅಣ್ಣ ಇಳಿದು ಸಾಹೇಬರಿಗೆ ಜಾಗ ಬಿಟ್ಟ. ಯಾರದಾದರೂ ಎತ್ತು ಹೂಡಿಸಿ ಸರ್ಕಾರಿ ಕಾರನ್ನು ಅರಕಲಗೂಡಿಗೆ ಎಳೆಸಿಕೊಂಡು ಹೋಗುತ್ತೇನೆಂದ. ಲೈಸೆನ್ಸಿನ ಕಾನೂನು ಆವತ್ತೊಂದು ದಿನ ಕಣ್ಣು ಮುಚ್ಚಿಕೊಂಡಿತು. ಸಾಹೇಬರು ನೀರಿನ ಟಿನ್ನನ್ನು ತಮ್ಮ ತೊಡೆಯ ಮೇಲೆ ಹಿಡಿದು ಕೂತರು. ಎಂಜಿನ್ನಿನ ಅರಚಾಟ ತಡೆಯಲಾರದೆ ಸ್ವಲ್ಪ ಹೊತ್ತಿಗೆ, ‘ಇದಕ್ಕೆ ಬೇರೆ ಗೇರು ಇಲ್ಲವೇನಮ್ಮ?’ ಎಂದು ಕೂಗಿ ಕೇಳಿದರು.

‘ಇವೆ ಸಾರ್, ಹಿಂದಕ್ಕೆ ಹೋಗೋದಕ್ಕೆ’ ಎಂದು ನಾನೂ ಕೂಗಿದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಸದ್ದಿಗೆ ಮಕ್ಕಳೆಲ್ಲ ಊರ ಬಾಗಿಲಿಗೇ ಓಡಿಬಂದಿದ್ದರು. ಕಾರಿನ ಸುತ್ತ ಕೇಕೆ ಹಾಕಿಕೊಂಡು ಶಾಲೆಯ ತನಕ ಓಡಿದರು. ಮನೆ ಕೊಡುವುದಿಲ್ಲವೆಂದಿದ್ದ ಹಿರಿಯರು ಜಗಲಿಯಿಂದ ಎದ್ದು ನಿಂತರು. ನಾನು ಇಳಿದು, ಕುಂಟುತ್ತ, ಎಲ್ಲರ ಕಣ್ಣೆದುರು ಮೆಟ್ಟಿಲು ಹತ್ತಿದೆ. ಆವತ್ತು ನನ್ನ ನಡಿಗೆಯನ್ನು ಯಾರು ನೋಡಿದರೂ ನನಗೆ ಏನೂ ಅನ್ನಿಸಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡು, ‘ಇನ್ನೂ ಐದು ನಿಮಿಷ ಇದೆ’ ಎಂದರು. ಅವರ ದನಿ ಮೆತ್ತಗಾಗಿತ್ತು. ಶಾಲೆಯ ಬೀಗದ ಕೈಯನ್ನು ಜವಾನನಿಂದ ತಾವೇ ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ಗಂಟೆ ಹೊಡೆಯಿತು, ಪ್ರಾರ್ಥನೆಯಾಯಿತು. ನಾನು ಏಳನೇ ಕ್ಲಾಸಿಗೆ ಹೋಗಿ ಸೀಮೆಸುಣ್ಣ ಕೈಗೆತ್ತಿಕೊಂಡೆ.

ಒಂದರ್ಧ ಗಂಟೆಗೆಲ್ಲ ಸಾಹೇಬರು ಬಾಗಿಲಿಗೆ ಬಂದರು. ‘ನನ್ನ ಕೆಲಸ ಮುಗಿಯಿತು. ನನ್ನನ್ನ ಒಂದು ಸಲ ಅರಕಲಗೂಡಿಗೆ ಬಿಟ್ಟು ಬಂದುಬಿಡಿ, ಹಾಸನದ ಬಸ್ಸು ಹಿಡಿಯಬೇಕು’ ಎಂದರು.

ಮಕ್ಕಳು ನನ್ನನ್ನೇ ನೋಡುತ್ತಿದ್ದರು.

‘ಶಾಲೆ ಬಿಡೋದು ಸಂಜೆ ಸಾರ್’ ಎಂದೆ. ‘ಮಧ್ಯದಲ್ಲಿ ಬಿಟ್ಟು ಬರೋಕಾಗೋದಿಲ್ಲ, ನಾನು ಇಲ್ಲಿ ಹೆಡ್ ಮೇಡಂ. ಹಿಂದಿನ ಬೆಂಚು ಖಾಲಿ ಇದೆ, ಕೂತಿರಿ.’

ಸಾಹೇಬರು ಟೋಪಿ ತೆಗೆದು ಕೈಲಿ ಹಿಡಿದುಕೊಂಡು, ಒಳಗೆ ಬಂದು, ಹಿಂದಿನ ಬೆಂಚಿನ ಮೇಲೆ ಕೂತರು. ನಾನು ಬೋರ್ಡಿನ ಕಡೆ ತಿರುಗಿ ಪಾಠ ಶುರುಮಾಡಿದೆ.